ಹೊಡೆದವನಿಗೂ ನಾಲ್ಕು, ತಿರುಗಿಸಿ ಹೊಡೆದವನಿಗೂ ನಾಲ್ಕು!

ಇಬ್ಬರು ಹುಡುಗರು ಹೊಡೆದಾಡಿಕೊಂಡರೆ ಯಾರು ಶುರು ಮಾಡಿದ್ದು ಅಂತ ಕೇಳದೆ ಇಬ್ಬರಿಗೂ ಸಮನಾಗಿ ಬಾರಿಸೋ ಮೇಷ್ಟ್ರುಗಳಿದ್ದಾರಲ್ಲ, ಅದನ್ನ ನ್ಯಾಯ ಅಂತೀರಾ? ನಾನಂತೂ ಅನ್ನಲ್ಲ. ನನ್ನ ಕಡೆಯ ಸಾಕ್ಷಿ ಆಸ್ಟ್ರೇಲಿಯಾದ ಜಾನ್ ಕೋಲ್‌ಮನ್.

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ಜಾಗ, ತಂಡಕ್ಕೆ 18 ಜನ. ಒಂದು ಗೋಲಿಗೆ 6 ಪಾಯಿಂಟು. ಮೆಲ್ಬರ್ನ್‌ನ ಎಸೆಂಡನ್ ತಂಡಕ್ಕೆ 1949ರಲ್ಲಿ ಬಂದ ಕೋಲ್‌ಮನ್, ಮೊದಲ ಪಂದ್ಯದಲ್ಲೇ 12 ಗೋಲು ಹೊಡೆದ. ಆ ವರ್ಷ ಒಟ್ಟು 100, ಮರುವರ್ಷ 120. ಎರಡೂ ವರ್ಷ ಎಸೆಂಡನ್ ಚಾಂಪಿಯನ್!

1951ರ ಲೀಗ್ ಹಂತದ ಕೊನೇ ಪಂದ್ಯದಲ್ಲಿ ಕಾರ್ಲ್ಟನ್ ತಂಡದ ಹ್ಯಾರಿ ಕ್ಯಾಸ್ಪರ್ ಇವನಿಗೆ ಹೊಡೆದ. ಇವನೂ ತಿರುಗಿಸಿ ಕೊಟ್ಟ. ವಿಚಾರಣೆ ನಡೆಸಿದ ಟ್ರಿಬ್ಯುನಲ್ ಇಬ್ಬರಿಗೂ 4 ಪಂದ್ಯಗಳ ನಿಷೇಧ ಹಾಕಿತು. ಕೋಲ್‌ಮನ್ ಅಳುತ್ತಾ ಹೊರಗೆ ಬಂದ.

ಲೆಕ್ಕ ಸಮ, ತೂಕ ಸಮ ಅಲ್ಲ. ಕಾರ್ಲ್ಟನ್ ಆ ಸಲ ಫೈನಲ್ಸ್ ಸುತ್ತಿಗೇ ಬಂದಿರಲಿಲ್ಲ, ಎಸೆಂಡನ್ ಬಂದಿತ್ತು. ಕೋಲ್‌ಮನ್ ಇಲ್ಲದೆಯೇ ಗ್ರ್ಯಾಂಡ್ ಫೈನಲ್ ಆಡಿ ಜಿಲಾಂಗ್ ಎದುರು ಸೋತಿದ್ದು 11 ಪಾಯಿಂಟಿನಿಂದ. ಎರಡು ಗೋಲಿಗೂ ಕಡಿಮೆ! ಅವನಿದ್ದಿದ್ದರೆ ಗೆದ್ದೇ ಬಿಡುತ್ತಿದ್ದರು ಅಂತ ಹೇಳಲ್ಲ, ಆಟ ಹಾಗೆಲ್ಲ ಕೂಡಿ ಕಳೆಯೋ ಲೆಕ್ಕ ಅಲ್ಲ. ಆದರೆ ಆಡೋ ಅವಕಾಶವೇ ಹೋಯ್ತಲ್ಲ...

"ಕೈ ಎತ್ತಿದ್ದು ತಪ್ಪೇ ಅಲ್ವಾ?" ಅಂತ ನೀವು ಕೇಳಬಹುದು. ತಪ್ಪೇ. ಶಿಕ್ಷೆ ಬೇಡ ಅಂತಿಲ್ಲ. ಮೊದಲು ಹೊಡೆದವನಿಗಿಂತ ಕಡಿಮೆ ಇರಬೇಕಿತ್ತು, ಅಷ್ಟೆ. ಇಬ್ಬರಿಗೂ ಒಂದೇ ಅಂದರೆ ಕೆಣಕುವವರಿಗೆ ಅದು ಲಾಭದ ವ್ಯಾಪಾರ. ತಮ್ಮ ಕಡೆಯ ಒಬ್ಬನನ್ನು ಕಳೆದುಕೊಂಡು ಎದುರಾಳಿಯ ದೊಡ್ಡ ಆಟಗಾರನನ್ನೇ ಎಬ್ಬಿಸಿಬಿಡಬಹುದು. 2006ರ ವಿಶ್ವಕಪ್ ಫುಟ್‌ಬಾಲ್ ಫೈನಲ್ ನೆನಪಿದೆಯಾ? ತಲೆಯಿಂದ ಗುದ್ದಿದ ಜಿದಾನ್‌ಗೆ ಫಿಫಾ 3 ಪಂದ್ಯಗಳ ನಿಷೇಧ ಹಾಕಿತು, ಬರೀ ಬಾಯಲ್ಲಿ ಕೆಣಕಿದ ಮಟೆರಾಜ್ಜಿಗೂ 2. ಯಾರು ಶುರು ಮಾಡಿದ್ದು ಅಂತ ಕೇಳೋಕೆ ಆಗುತ್ತೆ ಅಂತಾಯ್ತಲ್ಲ!

1954ರಲ್ಲಿ ಮಂಡಿಗೆ ಪೆಟ್ಟು ಬಿದ್ದು, 25ನೇ ವಯಸ್ಸಿಗೇ ಕೋಲ್‌ಮನ್ ಆಟ ಮುಗಿಯಿತು. 98 ಪಂದ್ಯ, 537 ಗೋಲು. ಈಗ ಎಎಫ್‌ಎಲ್ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡೋ ಪದಕಕ್ಕೆ ಅವನದೇ ಹೆಸರು. ಹೆಸರಿಟ್ಟಿದ್ದು ಒಳ್ಳೆಯದೇ. ಆದರೆ ಬರೀ 98 ಪಂದ್ಯ ಆಡಿದವನಿಂದ 3 ಫೈನಲ್ಸ್ ಪಂದ್ಯ ಕಿತ್ತುಕೊಂಡಿದ್ದು ಸಣ್ಣ ಶಿಕ್ಷೆಯೇನಲ್ಲ.

ನೀವೇನಂತೀರಾ?