ಅಲಗಿಗೆ ಪರೀಕ್ಷೆ ಉಂಟು, ಕೂಲಿಗೆ ಇಲ್ಲ

ಮಾಂಸದಲ್ಲಿ ಒಂದು ತೊಟ್ಟು ರಕ್ತವೂ ಉಳಿಯಬಾರದು ಅನ್ನುವ ಧರ್ಮ, ಆ ಮಾಂಸ ಕಡಿಯುವ ಕೂಲಿಯವನ ನೆತ್ತರಿನ ಬಗ್ಗೆ ಏನು ಹೇಳುತ್ತದೆ? ಈ ಪ್ರಶ್ನೆ ಕೇಳಿದವರು ಹೊರಗಿನವರಲ್ಲ. ಅಮೆರಿಕದ ಯೆಹೂದಿಗಳೇ ತಮ್ಮ ಧರ್ಮದವರನ್ನು ನಿಲ್ಲಿಸಿ ಕೇಳಿದರು. ಅದಕ್ಕೇ ಆ ಜಗಳ ನಮಗೆ ಮುಖ್ಯ. ಯೆಹೂದಿಗಳನ್ನು ಹಳಿಯುವುದೇ ಕಸುಬಾದ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರ ಸಾಲಿಗೆ ನಾವು ಸೇರುವವರಲ್ಲ.

ಮೊದಲು ಮಡಿಯ ವಿಚಾರ. ಯೆಹೂದಿ ಶಾಸ್ತ್ರದ ಪ್ರಕಾರ ತಿನ್ನಲು ಯೋಗ್ಯವಾದ ಆಹಾರಕ್ಕೆ ಕೋಷರ್ ಅನ್ನುತ್ತಾರೆ. ಪ್ರಾಣಿ ಕೊಯ್ಯುವವನು ಕತ್ತಿಯ ಅಲಗನ್ನು ಉಗುರಿನ ಮೇಲೆ ಸವರಿ ನೋಡಬೇಕು. ಕೂದಲೆಳೆಯಷ್ಟು ಹಲ್ಲು ಬಿದ್ದಿದ್ದರೂ ಆ ಕತ್ತಿ ಆಗದು. ಪ್ರಾಣಿಯ ಶ್ವಾಸಕೋಶವನ್ನು ಮುಟ್ಟಿ ಪರೀಕ್ಷಿಸಬೇಕು. ಮಾಂಸವನ್ನು ಅರ್ಧ ಗಂಟೆ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು, ರಕ್ತ ಬಸಿದು ತೊಳೆಯಬೇಕು. ಇಷ್ಟೆಲ್ಲ ಆದ ಮೇಲೆ ರಬ್ಬಿಗಳ ಸಂಸ್ಥೆಯ ಮುದ್ರೆ. ಆ ಮುದ್ರೆಯ ಮೇಲೆ ದೊಡ್ಡ ವ್ಯಾಪಾರ.

ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರು. ಮುಚ್ಚಿಹೋಗಿದ್ದ ಕಸಾಯಿಖಾನೆಯೊಂದನ್ನು 1987ರಲ್ಲಿ ಕೊಂಡು ಕಟ್ಟಿದ ಕಂಪನಿ ಅಗ್ರಿಪ್ರೊಸೆಸರ್ಸ್. ಅದು ಅಮೆರಿಕದ ಅತಿ ದೊಡ್ಡ ಕೋಷರ್ ಮಾಂಸದ ಕಾರ್ಖಾನೆಯಾಗಿ ಬೆಳೆಯಿತು. ಮುದ್ರೆ ಒತ್ತುವವರು ರಬ್ಬಿಗಳು. ಕಡಿಯುವವರು, ತೊಳೆಯುವವರು, ಎತ್ತುವವರು ಗ್ವಾಟೆಮಾಲಾ, ಮೆಕ್ಸಿಕೋದಿಂದ ಹೊಟ್ಟೆಪಾಡಿಗೆ ಬಂದ ಜನ. ಅಲ್ಲಿಯ ದುಡಿಮೆ ಎಂಥದು ಅನ್ನುವುದನ್ನು ಫಾರ್ವರ್ಡ್ ಎಂಬ ಯೆಹೂದಿ ಪತ್ರಿಕೆಯೇ 2006ರಲ್ಲಿ ಬಯಲಿಗೆ ತಂದಿತು.

2008ರ ಮೇ 12ರಂದು ಸರ್ಕಾರ ದಾಳಿ ಮಾಡಿತು. ಯಾರ ಮೇಲೆ? ಕೂಲಿಕಾರರ ಮೇಲೆ. ಕಾಗದಪತ್ರ ಸರಿಯಿಲ್ಲವೆಂದು 389 ಜನರನ್ನು ಹಿಡಿದರು. ವಾಟರ್ಲೂ ಊರಿನಲ್ಲಿ ದನಗಳ ಪ್ರದರ್ಶನ ನಡೆಯುವ ಮೈದಾನಕ್ಕೆ ಒಯ್ದು ಅಲ್ಲೇ ಕೋರ್ಟು ಮಾಡಿದರು. ಕೆಲವೇ ದಿನಗಳಲ್ಲಿ ಸುಮಾರು 300 ಜನರಿಗೆ ಶಿಕ್ಷೆ. ಹೆಚ್ಚಿನವರಿಗೆ ಐದು ತಿಂಗಳ ಜೈಲು, ಆಮೇಲೆ ಗಡೀಪಾರು. ಮಾಂಸ ಕಡಿದವರನ್ನು ದನದ ದೊಡ್ಡಿಯಲ್ಲಿ ನಿಲ್ಲಿಸಿ ನ್ಯಾಯ ಹೇಳಿದ ದೇಶ ಅದು!

ಅದೇ ವರ್ಷದ ಅಕ್ಟೋಬರಿನಲ್ಲಿ ಅಯೋವಾದ ಕಾರ್ಮಿಕ ಇಲಾಖೆ ಈ ಕಂಪನಿಗೆ ಸುಮಾರು 1 ಕೋಟಿ ಡಾಲರ್ ದಂಡ ಹಾಕಿತು. ಮುಖ್ಯ ಆರೋಪ ಏನು ಗೊತ್ತೆ? ಕೆಲಸದ ಮೇಲಂಗಿಯ ಹೆಸರಿನಲ್ಲಿ ಕೂಲಿಕಾರರ ಸಂಬಳದಿಂದ ಕಾನೂನಿಗೆ ವಿರುದ್ಧವಾಗಿ ಹಣ ಮುರಿದುಕೊಂಡದ್ದು. ಧಣಿಯ ಕೆಲಸ, ಧಣಿಯ ಅಂಗಿ, ಹಣ ಮಾತ್ರ ಕೂಲಿಯವನದು.

ಈಗ ಆ ಧರ್ಮದ ಗ್ರಂಥಗಳನ್ನೇ ತೆರೆದು ನೋಡೋಣ. ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳುವ ಯಾಜಕಕಾಂಡವೇ ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂದೂ ಹೇಳುತ್ತದೆ. ಎರಡೂ ಒಂದೇ ಪುಸ್ತಕ, ಒಂದೇ ದೇವರ ಅಪ್ಪಣೆ. ಧರ್ಮೋಪದೇಶಕಾಂಡ ಇನ್ನೂ ಮುಂದೆ ಹೋಗಿ, ಆ ಕೂಲಿಯವನು ನಿಮ್ಮವನಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಿ ಅನ್ನುತ್ತದೆ. ಸುಮಾರು 1500 ವರ್ಷದ ಹಿಂದೆ ಬಾಬಿಲೋನಿಯಾದಲ್ಲಿ ಒಟ್ಟುಗೂಡಿದ ತಾಲ್ಮುದ್ ಇದಕ್ಕೆ ಕಾರಣ ಕೇಳುತ್ತದೆ. ಏಣಿ ಹತ್ತಿದವನು, ಮರಕ್ಕೆ ಜೋತುಬಿದ್ದವನು ತನ್ನ ಜೀವವನ್ನೇ ಪಣಕ್ಕಿಟ್ಟದ್ದು ಯಾತಕ್ಕೆ? ಕೂಲಿಗೆ ತಾನೆ? ಹಾಗಾದರೆ ಅವನ ಕೂಲಿ ತಡೆದವನು ಅವನ ಪ್ರಾಣ ತೆಗೆದ ಹಾಗೆ. ಮರ ಹತ್ತುವವರ ಮನೆಯಲ್ಲಿ ಹುಟ್ಟಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಅದೇ ತಾಲ್ಮುದಿನಲ್ಲಿ ಒಂದು ವ್ಯಾಜ್ಯವಿದೆ. ರಬ್ಬಾ ಎಂಬ ಪಂಡಿತನ ದ್ರಾಕ್ಷಾರಸದ ಪೀಪಾಯಿ ಹೊತ್ತ ಹಮಾಲರು ಅದನ್ನು ಒಡೆದುಬಿಟ್ಟರು. ಅವನು ನಷ್ಟಕ್ಕೆಂದು ಅವರ ಮೇಲಂಗಿ ಕಿತ್ತುಕೊಂಡ. ದೂರು ರವ್ ಎಂಬ ದೊಡ್ಡ ಗುರುವಿನ ಹತ್ತಿರ ಹೋಯಿತು. ಅಂಗಿ ವಾಪಸು ಕೊಡು ಎಂದ ಗುರು. ಇದು ಕಾನೂನೇ ಎಂದು ಪಂಡಿತ ಕೇಳಿದ. ಹೌದು ಎಂದ ಗುರು. ಆಗ ಹಮಾಲರು, ನಾವು ಬಡವರು, ದಿನವೆಲ್ಲ ದುಡಿದು ಹಸಿದಿದ್ದೇವೆ, ಕೈಯಲ್ಲಿ ಏನೂ ಇಲ್ಲ ಅಂದರು. ಕೂಲಿಯನ್ನೂ ಕೊಡು ಎಂದ ಗುರು. ಪಂಡಿತ ಮತ್ತೆ ಕೇಳಿದ, ಇದೂ ಕಾನೂನೇ? ಇದೂ ಕಾನೂನೇ.

ಅಲ್ಲಿ ಕಿತ್ತುಕೊಂಡ ಅಂಗಿಯನ್ನು ಧರ್ಮ ವಾಪಸು ಕೊಡಿಸಿತು. ಪೋಸ್ಟ್‌ವಿಲ್‌ನಲ್ಲಿ ಅಂಗಿಯ ಹೆಸರಿನಲ್ಲೇ ಸಂಬಳ ಕಿತ್ತರು. ಅದರ ಮೇಲೆ ಧರ್ಮದ ಮುದ್ರೆ ಒತ್ತಿದರು!

ಇದನ್ನು ಕೇಳಿದಾಗ ಕೆಲವು ಸಂಪ್ರದಾಯಸ್ಥರು ಕೊಟ್ಟ ಉತ್ತರ ಇದು: ಕೋಷರ್ ಅನ್ನೋದು ಆಹಾರದ ಶಾಸ್ತ್ರ. ಕೂಲಿಯ ವಿಚಾರ ಬೇರೆ, ಅದನ್ನು ಸರ್ಕಾರ ನೋಡಿಕೊಳ್ಳಲಿ. ಶಾಸ್ತ್ರದ ಅಕ್ಷರ ಹಿಡಿದರೆ ಅವರು ಹೇಳುವುದು ಸುಳ್ಳಲ್ಲ. ಕೂಲಿ ಕದ್ದ ಮಾತ್ರಕ್ಕೆ ಮಾಂಸ ತಿನ್ನಬಾರದ್ದಾಗುವುದಿಲ್ಲ. ಇರ್ಲಿ ಸ್ವಾಮಿ. ಆದರೆ ಮುದ್ರೆ ಒತ್ತಲೇಬೇಕೆಂದು ನಿಮಗೆ ಯಾವ ಶಾಸ್ತ್ರ ಹೇಳಿತು? ಅಲಗಿನ ಹಲ್ಲು ಹುಡುಕಲು ಕಾರ್ಖಾನೆಯ ಒಳಗೆ ಹೋಗುವ ಕಣ್ಣು ಪಕ್ಕದಲ್ಲೇ ನಿಂತ ಮನುಷ್ಯನ ಮೇಲೆ ಯಾಕೆ ಬೀಳಲಿಲ್ಲ? ಇನ್ನು ಸರ್ಕಾರ ನೋಡಿಕೊಂಡ ರೀತಿಯನ್ನೂ ಕಂಡೆವು. ಕಾರ್ಖಾನೆಯ ಮ್ಯಾನೇಜರನಿಗೆ 2010ರಲ್ಲಿ 27 ವರ್ಷ ಶಿಕ್ಷೆಯಾದದ್ದು ಬ್ಯಾಂಕಿನ ಹಣದ ವಂಚನೆಗೆ. ಚಿಕ್ಕ ವಯಸ್ಸಿನವರನ್ನು ದುಡಿಸಿದ ಆರೋಪಗಳಿಂದ ಅದೇ ವರ್ಷ ಜ್ಯೂರಿ ಆತನನ್ನು ಬಿಡುಗಡೆ ಮಾಡಿತು. 2017ರಲ್ಲಿ ಅಧ್ಯಕ್ಷ ಟ್ರಂಪ್ ಉಳಿದ ಶಿಕ್ಷೆಯನ್ನೂ ಕಡಿತ ಮಾಡಿದರು. ಗಡೀಪಾರಾದವರ ಶಿಕ್ಷೆ ಯಾರೂ ಕಡಿತ ಮಾಡಲಿಲ್ಲ.

ಸುಮ್ಮನಿರದ ಯೆಹೂದಿಗಳೂ ಇದ್ದರು. ಮಿನೆಸೋಟಾದ ರಬ್ಬಿ ಮಾರಿಸ್ ಆಲೆನ್ ದಾಳಿಗೆ ಮೊದಲೇ, ಆಹಾರಕ್ಕೆ ನ್ಯಾಯದ ಮುದ್ರೆಯೂ ಬೇಕು ಎಂದು ಚಳವಳಿ ಹೂಡಿದ್ದರು. ರಬ್ಬಿ ಜಿಲ್ ಜೇಕಬ್ಸ್ ಎಂಬ ಹೆಣ್ಣುಮಗಳು ಕೂಲಿಕಾರರ ಹಕ್ಕಿನ ಬಗ್ಗೆ ಬರೆದ ಧರ್ಮನಿರ್ಣಯವನ್ನು ಕನ್ಸರ್ವೇಟಿವ್ ಪಂಥದ ಶಾಸ್ತ್ರ ಸಮಿತಿ 2008ರಲ್ಲಿ ಒಪ್ಪಿತು. ಸಂಪ್ರದಾಯಸ್ಥರ ಒಳಗಿನ ಯುವಕರೇ ಊರಿ ಲೆತ್ಸೆದೆಕ್ ಎಂಬ ಸಂಘಟನೆಯಿಂದ, ಕಾನೂನಿನಷ್ಟಾದರೂ ಕೂಲಿ, ಬಿಡುವು, ಸುರಕ್ಷತೆ ಕೊಡುವ ಹೋಟೆಲುಗಳಿಗೆ 2009ರಿಂದ ಬೇರೊಂದು ಮುದ್ರೆ ಕೊಡತೊಡಗಿದರು.

ಹಾಗಂತ ನಾವು ಯಾವ ಗ್ರಂಥಕ್ಕೂ ಅಡ್ಡಬೀಳುವವರಲ್ಲ. ಕೂಲಿಯನ್ನು ತಡೆಯಬೇಡ ಅನ್ನುವ ಅದೇ ಯಾಜಕಕಾಂಡ, ಅನ್ಯ ಜನರನ್ನು ಗುಲಾಮರಾಗಿ ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಅಂತಲೂ ಹೇಳುತ್ತದೆ. ಹೊಟ್ಟೆ ತುಂಬಿದವನು ಓದಿದರೆ ಗ್ರಂಥದಲ್ಲಿ ಮಡಿ ಕಾಣುತ್ತದೆ, ಗುಲಾಮ ಕಾಣುತ್ತಾನೆ. ಹಸಿದ ಹಮಾಲ ಓದಿದರೆ ಕೂಲಿ ಕಾಣುತ್ತದೆ. ಆದ್ದರಿಂದ ಗ್ರಂಥದಲ್ಲಿ ಏನಿದೆ ಅನ್ನುವುದಕ್ಕಿಂತ ಅದು ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ.

ಇದು ನಮಗೇಕೆ ಎಂದು ಕೇಳುವ ಗೆಳೆಯರೆ, ನಾಟಿ ಮಾಡಿದವಳ ಕೈ ಮೈಲಿಗೆ, ಅವಳು ನೆಟ್ಟ ಭತ್ತದ ಅಕ್ಕಿ ಮಾತ್ರ ನೈವೇದ್ಯಕ್ಕೆ ಮಡಿ ಅನ್ನುವ ಲೆಕ್ಕ ನಮಗೆ ಹೊಸದೇನಲ್ಲ. ದೇಶ ಬೇರೆ, ದೇವರು ಬೇರೆ, ಲೆಕ್ಕ ಒಂದೇ. ಊರಿನಲ್ಲಿ ಯಾವನೇ ಆಗಲಿ ತನ್ನ ಊಟ ಶುದ್ಧ ಅಂದಾಗ ನಾವು ಕೇಳಬೇಕಾದ ಪ್ರಶ್ನೆಯೂ ಒಂದೇ. ನಿನ್ನ ಪಾತ್ರೆ ಎಷ್ಟು ಸಲ ತೊಳೆದೆ ಅಂತ ಅಲ್ಲ. ಇದನ್ನು ಬೆಳೆದವನಿಗೆ, ಕಡಿದವನಿಗೆ, ಹೊತ್ತವನಿಗೆ ಹೊತ್ತು ಮುಳುಗುವ ಮೊದಲು ಕೂಲಿ ಕೊಟ್ಟೆಯಾ? ಇದಕ್ಕೆ ಉತ್ತರ ಬರುವ ತನಕ ಯಾವ ಮುದ್ರೆಯನ್ನೂ ನಾವು ನಂಬುವುದಿಲ್ಲ.