ಬಸುರಿಯ ಉಬ್ಬಸ

ಸಕಲೇಶಪುರ, ಆಲೂರುಗಳ ಮಲೆಗಳಲ್ಲಿ ಮುಂಗಾರು ಹಿಡಿಯಿತೆಂದರೆ ದಿನಗಟ್ಟಲೆ ಬಿಸಿಲು ಕಾಣದು. ಗೋಡೆಗೆ ಬೂಷ್ಟು, ಹಾಸಿಗೆಗೆ ತೇವ, ಹಸಿ ಸೌದೆಯ ಒಲೆಯಿಂದ ಹೊಗೆ. ಉಬ್ಬಸದವರಿಗೆ ಇದು ಕಷ್ಟಕಾಲ. ಅಂಥವಳು ಬಸುರಿಯಾದರೆ, "ಮಗುವಿಗಾಗದು, ಆ ಔಷಧಿ ಸೇದೋದು ಬಿಡವ್ವ" ಎನ್ನುವ ಹಿರಿಯರುಂಟು. ('ಸೇದುವುದು' ಎಂಬ ಮಾತು ಬೀಡಿಯನ್ನು ನೆನಪಿಗೆ ತರುವುದರಿಂದಲೇ ಇನ್‌ಹೇಲರಿಗೆ ಈ ಅಪಕೀರ್ತಿಯೋ ಏನೋ!) ಮಮತೆಯ ಮಾತಾದರೂ ಅದನ್ನು ನಾವು ಒಪ್ಪಲಾರೆವು.

ಗರ್ಭದೊಳಗಿನ ಶಿಶುವಿಗೆ ಸ್ವಂತ ಉಸಿರಾಟವಿಲ್ಲ. ತಾಯಿಯ ರಕ್ತದಲ್ಲಿರುವ ಆಮ್ಲಜನಕವೇ ಮಾಸಿನ ಮೂಲಕ ಅದಕ್ಕೆ ದೊರೆಯತಕ್ಕದ್ದು. ಶ್ವಾಸನಾಳಗಳು ಊದಿ ಬಿಗಿದುಕೊಂಡು ತಾಯಿಗೇ ಉಸಿರು ಸಾಲದಾದರೆ ಶಿಶುವಿನ ಪಾಲೂ ಕುಗ್ಗುತ್ತದೆ. ಹತೋಟಿ ತಪ್ಪಿದ ಉಬ್ಬಸದಿಂದ ಅಕಾಲಪ್ರಸವ, ತೂಕ ಕಡಿಮೆಯ ಕೂಸು, ಇವುಗಳ ಸಂಭವ ಹೆಚ್ಚು. ಔಷಧದ ಮಾತೇನು? ಊತವನ್ನು ಇಳಿಸುವ ಬುಡೆಸೊನೈಡನ್ನು ಸೇದುವುದು ಮೈಕ್ರೋಗ್ರಾಂಗಳ ಲೆಕ್ಕದಲ್ಲಿ. ರಕ್ತಕ್ಕೆ ಸೇರುವುದು ಅತ್ಯಲ್ಪ. ಬಸುರಿನ ಮೊದಲ ತಿಂಗಳುಗಳಲ್ಲಿ ಅದನ್ನು ಬಳಸಿದ್ದ ತಾಯಂದಿರ 2,014 ಶಿಶುಗಳ ದಾಖಲೆಗಳನ್ನು ಸ್ವೀಡನ್ನಿನಲ್ಲಿ ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದರು. ಜನ್ಮದೋಷಗಳು ಹೆಚ್ಚಿದುದು ಕಂಡುಬರಲಿಲ್ಲ.

ಬಸುರಿನಲ್ಲಿ ಉಬ್ಬಸವು ಸುಮಾರು ಮೂವರಲ್ಲಿ ಒಬ್ಬಳಿಗೆ ಉಲ್ಬಣಿಸುತ್ತದೆ, ಒಬ್ಬಳಿಗೆ ತಗ್ಗುತ್ತದೆ, ಮತ್ತೊಬ್ಬಳಿಗೆ ಇದ್ದಂತೆಯೇ ಇರುತ್ತದೆ. ಯಾರಿಗೆ ಹೇಗೆಂದು ಮೊದಲೇ ಹೇಳಬರುವುದಿಲ್ಲ. ಆದುದರಿಂದ ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಕೂಡದು. ಈ ಸೀಮೆಯ ಬಸುರಿಯರ ತಪಾಸಣೆಯಲ್ಲಿ ತೂಕ, ರಕ್ತಗಳೊಡನೆ ಉಸಿರನ್ನೂ ವಿಚಾರಿಸಬೇಕು, ಇನ್‌ಹೇಲರನ್ನು ಸರಿಯಾಗಿ ಸೇದುತ್ತಿದ್ದಾಳೆಯೇ ಎಂದು ನೋಡಬೇಕು ಎಂಬುದು ನಮ್ಮ ಮತ. ವಿದ್ಯಾರ್ಥಿ ಮಿತ್ರರು ತಮ್ಮ ಅಕ್ಕನಿಗೋ ಅತ್ತಿಗೆಗೋ ಮಳೆ ಹಿಡಿಯುವ ಮುನ್ನವೇ ಔಷಧ ತಂದಿರಿಸಲಿ. ಮರ ಬಿದ್ದು ದಾರಿ ಕಟ್ಟಿದ ರಾತ್ರಿ, ತೋಟದ ಲೈನ್‌ಮನೆಯಿಂದ ಸಕಲೇಶಪುರದ ಆಸ್ಪತ್ರೆ ಬಹಳ ದೂರ.