ಗೋಧಿಗೆ ಎಷ್ಟು ಯೂರಿಯಾ? ತಳಿ ನೋಡಿ ಹೇಳಿ

ವಿಜಯನಗರ ಜಿಲ್ಲೆಯ ಮಾನ್ಯ ಜಂಟಿ ಕೃಷಿ ನಿರ್ದೇಶಕರಿಗೆ,



ಸ್ವಾಮಿ, ಹೊಸಪೇಟೆ ಸೀಮೆ ಗೋಧಿಗೆ ಹೆಸರಾದದ್ದಲ್ಲ. ಹಬ್ಬದ ಹುಗ್ಗಿಗೆ, ಮಾದಲಿಗೆ ಆದೀತೆಂದು ಬೋರಿನ ನೀರು ಹಾಯುವ ಅಷ್ಟು ಜಾಗದಲ್ಲಿ ಜವೆ ಗೋಧಿ ಹಾಕುವವನು ನಾನು. ಬೀಜ ಮನೆಯದೇ, ಎತ್ತರದ ಜವಾರಿ ತಳಿ. ಒಂದು ವರ್ಷ ಗೊಬ್ಬರದ ಅಂಗಡಿಯವರು ‘ಎಕರೆಗೆ ಎರಡು ಚೀಲ ಯೂರಿಯಾ ಹೊಡೀರಿ’ ಅಂದರು. ಯಾವ ತಳಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೈರು ಕಪ್ಪಗೆ ಎದ್ದು ಎದೆಮಟ್ಟ ಬಂತು. ದಾರಿಹೋಕರು ನಿಂತು ನೋಡಿ ಹೋದರು. ಕಾಳು ಹಾಲುಗಟ್ಟುವಾಗ ಒಂದು ರಾತ್ರಿ ಗಾಳಿ ಬೀಸಿತು, ಅಷ್ಟೇ. ಬೆಳಗ್ಗೆ ಹೊಲ ಚಾಪೆ ಹಾಸಿದಂತಿತ್ತು. ಬುಡದ ಗೆಣ್ಣು ಹಿಚುಕಿದರೆ ಬೆರಳಿಗೆ ಮೆತ್ತಗೆ. ಕೊಯ್ಯಲು ಬಂದ ಹೆಣ್ಣುಮಕ್ಕಳು ಒಂದೊಂದು ಹಿಡಿಯನ್ನೂ ಮಣ್ಣಿನಿಂದ ಎತ್ತಿ ಕುಡುಗೋಲು ಹಾಕಬೇಕಾಯಿತು. ತೂರುವಾಗ ಜೊಳ್ಳೇ ಹೆಚ್ಚು ಹಾರಿತು.

ಯೂರಿಯಾದ 45 ಕಿಲೋ ಚೀಲದಲ್ಲಿ ಸಾರಜನಕ ಸುಮಾರು 21 ಕಿಲೋ. ಎತ್ತರದ ತಳಿ ಅದನ್ನು ದಂಟಿಗೂ ಎಲೆಗೂ ಸುರಿದು, ತೆನೆಯ ಭಾರ ತಾಳದೆ ಬೀಳುತ್ತದೆ. 1960ರ ದಶಕದಲ್ಲಿ ಮೆಕ್ಸಿಕೋದಿಂದ ಬಂದ, ವಿಜ್ಞಾನಿ ಬೋರ್ಲಾಗ್ ಅವರ ಗಿಡ್ಡ ಗೋಧಿ ಗೆದ್ದದ್ದು ಇಲ್ಲೇ: ಜಪಾನಿನ ನೋರಿನ್ 10 ತಳಿಯ ಗಿಡ್ಡತನ ಅದರಲ್ಲಿತ್ತು, ಗೊಬ್ಬರ ಉಂಡರೂ ನಿಂತೇ ಇತ್ತು, ಉಂಡದ್ದನ್ನು ಕಾಳಿಗೆ ಕಳಿಸಿತು. ಜವೆಯಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದೆ. ಹಾಗಂತ ಗಿಡ್ಡ ತಳಿಗೆ ಎಷ್ಟು ಸುರಿದರೂ ನಡೆದೀತು ಅನ್ನುವಂತಿಲ್ಲ. ನಮ್ಮ ಚಳಿಗಾಲ ಪಂಜಾಬಿನಷ್ಟು ಉದ್ದವಲ್ಲ, ತೆಂಡೆ ಒಡೆಯಲು ದಿನ ಕಡಿಮೆ. ಒಂದು ಮಟ್ಟ ದಾಟಿದ ಮೇಲೆ ಹಾಕಿದ್ದು ಚೀಲದ ಖರ್ಚು ಮಾತ್ರ. ಮಳೆಯಾಶ್ರಯದ ಎರೆಹೊಲದಲ್ಲಂತೂ ಹೆಚ್ಚಿನ ಯೂರಿಯಾ ಎಲೆ ಬೆಳೆಸಿ, ಕಾಳಿಗೆ ಬೇಕಾದ ಹಸಿಯನ್ನು ಮೊದಲೇ ಹೀರಿಸಿಬಿಡುತ್ತದೆ.

ಯೂರಿಯಾ ಅಗ್ಗ, ಚೀಲಕ್ಕೆ ಮುನ್ನೂರೂ ಇಲ್ಲ. ಅಗ್ಗವಾದ್ದಕ್ಕೇ ಕೈ ಬಿಗಿಯಾಗುವುದಿಲ್ಲ, ನನ್ನದೂ ಸೇರಿ.

ನನ್ನ ಬೇಡಿಕೆ ಇಷ್ಟೇ. ಬೀಜದ ಚೀಲದ ಮೇಲೆ ಆ ತಳಿಗೆ ಎಕರೆಗೆ ಎಷ್ಟು ಯೂರಿಯಾ, ಬಿತ್ತುವಾಗ ಎಷ್ಟು, ಮೂರು ವಾರಕ್ಕೆ ಮೊದಲ ನೀರಿನ ಹೊತ್ತಿಗೆ ಎಷ್ಟು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ನಮ್ಮೂರಲ್ಲೇ ಜವಾರಿ ಜವೆ, ಗಿಡ್ಡ ಜವೆ, ಚಪಾತಿ ಗೋಧಿ ಮೂರನ್ನೂ ಪಕ್ಕಪಕ್ಕ ಬಿತ್ತಿ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಗೊಬ್ಬರ ಕೊಟ್ಟು ತೋರಿಸಿ. ಅರ್ಧ ಎಕರೆ ಜಾಗ, ನೀರು ನನ್ನವು. ಹಿಂಗಾರಿ ಬಿತ್ತನೆಗೆ ಮುಂಚೆ ಒಬ್ಬರನ್ನು ಕಳಿಸಿಕೊಡಿ.

ಇಂತಿ,
ಗಾದಿಗನೂರಿನ ಒಬ್ಬ ರೈತ